ಕೋಟೆಗೋಡೆಯ ಬಿಳಿ ಹೆಂಗಸು

ನೆಸ್ಟಾ,

ಇವತ್ತು ಊರಿನ ಇತಿಹಾಸ ಸಂಘದವರು ಹಳಬರನ್ನೆಲ್ಲ ಚರ್ಚಿನ ಹಿಂದಿನ ಹಾಲಿಗೆ ಕರೆಸಿ ಕೋಟೆಯ ನೆನಪುಗಳನ್ನು ಕೇಳಿದರು. ಮಾಂಸದಂಗಡಿಯ ಪ್ರೋಸರ್ ಎದ್ದು, ಚಿಕ್ಕವನಿದ್ದಾಗ ಗೋಡೆಯ ಮೇಲೆ ಬಿಳಿ ಹೆಂಗಸಿನ ದೆವ್ವ ಕಂಡೆನೆಂದ. ಮುತ್ತಿಗೆಯಲ್ಲಿ ಗಂಡನನ್ನು ಕಳೆದುಕೊಂಡ ಕೋಟೆಯ ಒಡತಿಯಂತೆ. ಸಂಘದವರು ಪುಸ್ತಕಕ್ಕೆಂದು ಬರೆದುಕೊಳ್ಳತೊಡಗಿದರು.

ನನಗೆ ಸುಮ್ಮನಿರಲಾಗಲಿಲ್ಲ.

"ಒಡತಿನೂ ಅಲ್ಲ, ದೆವ್ವನೂ ಅಲ್ಲ ಕಣಯ್ಯ. ಬೇಕರಿಯವರ ನೆಸ್ಟಾ. ನಿನ್ನ ಹೆದರಿಸೋಕೆ ಅಂತ್ಲೇ ನಮ್ಮಮ್ಮನ ಬೆಡ್‌ಶೀಟು ಹೊದ್ಕೊಂಡು ಹತ್ತಿದ್ಲು. ನಾನು ಕೆಳಗೆ ಕಾವಲಿದ್ದೆ."

ಎಲ್ಲರೂ ನಕ್ಕರು. ಪ್ರೋಸರ್ ನಗಲಿಲ್ಲ.

"ಆಟಕ್ಕೆ ಹತ್ತಿದೋಳು ಹಂಗ್ಯಾಕೆ ಅಳ್ತಿದ್ಲು? ಇವತ್ತಿಗೂ ಆ ಅಳು ನನ್ನ ಕಿವೀಲಿದೆ."

ಎಷ್ಟು ಚೆನ್ನಾಗಿ ನಟಿಸುತ್ತೀಯ ಎಂದುಕೊಂಡು ನಾನು ಅವತ್ತು ಗೋಡೆಯ ಕೆಳಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಮರುವಾರ ನೀನು ಯಾರಿಗೂ ಹೇಳದೆ ಕಾರ್ಡಿಫ್ ಬಸ್ಸು ಹತ್ತಿದೆ.

ಸಭೆಯಿಂದ ಮನೆಗೆ ಬಂದವಳು ನಾನಿನ್ನೂ ಕೋಟು ಬಿಚ್ಚಿಲ್ಲ. ಟೀ ಮಾಡಿ ಕುಡಿಯದೆ ಬಿಟ್ಟೆ. ಕೋಟೆಯವರೆಗೆ ಹೋದೆ, ಬಂದೆ, ಮತ್ತೆ ಹೋದೆ.

ಪುಸ್ತಕಕ್ಕೆ ಯಾವುದನ್ನು ಬರೆಯೋಣ ಎಂದು ಸಂಘದವರು ಕೇಳಿದ್ದರು. ಒಡತಿಯ ಕಥೆಯನ್ನೇ ಬರೆಯಿರಿ ಎಂದೆ. ಅವಳು ಯಾಕೆ ಅತ್ತಳೆಂಬುದಾದರೂ ಊರಿಗೆಲ್ಲ ಗೊತ್ತಿದೆ.