ರಾಜಪಾರ್ಟಿನ ಗಂಟಲಲ್ಲಿ ಕೀರ್ತನೆ

೨೦೦೯, ಮಾರ್ಚ್ ೮, ಭಾನುವಾರ

ಮಹಾಜನಗಳೇ! ಮುಂದೆ ಚಾಪೆಯಲ್ಲಿ ಕೂತ ತಾಯಂದಿರೇ, ಹಿಂದೆ ಬೀಡಿ ಹಚ್ಚಿದ ಅಣ್ಣಂದಿರೇ, ಗದ್ದಲ ಬೇಡ... ಯಾರೂ ಇಲ್ಲ. ಡೈರಿ ಬರೆಯಲು ಕೂತರೂ ಈ ನಾಲಿಗೆಗೆ ಸಭೆ ಬೇಕು. ಅಪ್ಪನ ನಾಟಕದ ಮೇಳದಲ್ಲಿ ರಾಜಪಾರ್ಟು ಕಲಿತು ಬೆಳೆದವನ ಹಣೆಬರಹ.

ಇವತ್ತೂ ಚರ್ಚಿನ ಪ್ರಾರ್ಥನೆಯಲ್ಲಿ ಬೈಬಲಿನ ಕೀರ್ತನೆ ಓದಿದ್ದು ನಾನೇ. ಈಸ್ಟರ್‌ವರೆಗೂ ವಾರಕ್ಕೊಂದು, ಪಶ್ಚಾತ್ತಾಪದ್ದು. ಮೈಕ್ ಬೇಡ ಎಂದೆ. ನಮ್ಮ ಚಿಕ್ಕಬಾಣಾವರದ ಸಭೆಯ ಶೀಟಿನ ಸೂರು ನಡುಗಿತು. ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ದಾರಿಯಲ್ಲಿ ನನ್ನ ಹೆಂಡತಿ ವನಜಾ, "ದೇವ್ರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಕಣ್ರೀ" ಎಂದಳು. ಕೊಂಕು.

ಮಾರ್ಚ್ ೧೦, ಸಂಜೆ

ಪೀಣ್ಯದ ಫ್ಯಾಕ್ಟರಿಯಿಂದ ಈಗ ಬಂದೆ.

ನನ್ನ ಜೊತೆ ನಾಟಕ ಆಡುವ ಹುಡುಗ ಲೋಕೇಶನ ಬಲಗೈಯ ಮೂರು ಬೆರಳು ಹೋದವು. ನನ್ನ ಲೈನಿನಲ್ಲಿ. ನಾನೇ ಸೂಪರ್‌ವೈಸರ್.

ಪ್ರೆಸ್ ಮೆಷಿನ್ನಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಆ ಕಬ್ಬಿಣದ ಅಚ್ಚು, ಇಳಿಯುತ್ತದೆ — ಕೈ ಒಳಗೆ ಸಿಕ್ಕಬಾರದೆಂದು. ಡಿಸ್ಪ್ಯಾಚ್ ಅವಸರ. ಬಲ ಬಟನ್ ಒತ್ತಿ, ಮೇಲೆ ಟೇಪ್ ಸುತ್ತಿಬಿಟ್ಟೆ. ಇನ್ನು ಎಡಗೈ ಬಟನ್ನಿಗೆ, ಬಲಗೈ ತಗಡಿನ ಶೀಟಿಗೆ. ಕೆಲಸ ಬೇಗ.

"ಬ್ಯಾಡ ಶ್ಯಾಮಣ್ಣ" ಎಂದ ಲೋಕೇಶ.

"ಎಲವೋ ಹೇಡಿ! ಸ್ಟೇಜಲ್ಲಿ ಗದೆ ತಿರುಗ್ಸೋನು ಇಷ್ಟಕ್ಕೆ ಹೆದರ್ತೀಯೇನೋ?" ಗರ್ಜಿಸಿದೆ. ಲೈನೆಲ್ಲ ನಕ್ಕಿತು. ಅವನೂ ನಕ್ಕು ಮೆಷಿನ್ನಿಗೆ ನಿಂತ.

ಆಮೇಲೆ ಎಚ್.ಆರ್. ಮೇಡಂ ಬಂದರು. "ಟೇಪ್ ಹಾಕಿದ್ದು ಯಾರು?"

"ಅವ್ನೇ ಮೇಡಂ."

ಜೀವಮಾನದಲ್ಲಿ ನಾನು ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ಲೈನಿನವರು ನೆಲ ನೋಡಿದರು. ಎಲ್ಲ ಕಾಂಟ್ರಾಕ್ಟಿನವರು, ನನ್ನ ಕೈಕೆಳಗಿನವರು.

ಮಾರ್ಚ್ ೧೫, ಭಾನುವಾರ

ಓದಿದೆ. ಇನ್ನೊಬ್ಬನ ಸಂಸಾರ ಹಾಳು ಮಾಡಿದ ಇಬ್ರಿಯರ ರಾಜ, ಒಳಗನ್ನೆಲ್ಲ ತೊಳೆದುಕೊಡು ಎಂದು ದೇವರ ಕಾಲಿಗೆ ಬೀಳುವ ಕೀರ್ತನೆ. ನಡುವೆ ಗಂಟಲು ಬಿಗಿಯಿತು. ಆ ಬಿಗಿತವನ್ನೇ ಹಿಡಿದು, ಅಪ್ಪ ಕಲಿಸಿದಂತೆ, ಅರೆ ಉಸಿರಿನಲ್ಲಿ ನಿಲ್ಲಿಸಿ ದನಿ ಒಡೆದೆ. ಸಭೆ ಬಿಕ್ಕಿತು.

ಅಳು ಬಂದದ್ದು ನಿಜ. ಬಂದ ಗಳಿಗೆಗೇ ಅದಕ್ಕೆ ಬಣ್ಣ ಬಳಿದು ಸ್ಟೇಜ್ ಹತ್ತಿಸಿಬಿಟ್ಟೆ. ಇನ್ನು ಯಾವ ಬಾಯಿಂದ ಕ್ಷಮೆ ಕೇಳಲಿ?

ಬಾಗಿಲಲ್ಲಿ ಮುರಿಗೆಪ್ಪ ಅಯ್ನೋರು ಕೈ ಕುಲುಕಿದರು. ಬಿಜಾಪುರದ ಕಡೆಯ ಪಾದ್ರಿ. "ಭಾರಿ ಓದಿದ್ರಿ ಶ್ಯಾಮಣ್ಣಾರ. ಖರೇ ಹೇಳ್ಲ್ಯಾ? ನನಗ ನೀವಷ್ಟ ಕೇಳಿಸಿದ್ರಿ. ಪಾಪ, ಆ ರಾಜಾ ಎಲ್ಲೂ ಸಿಗಲಿಲ್ಲ." ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ಮಾರ್ಚ್ ೨೬

ಇಷ್ಟು ದಿನ ಬರೆಯಲಿಲ್ಲ. ಏನೆಂದು ಬರೆಯುವುದು?

ಇವತ್ತು ಲೋಕೇಶನ ಮನೆಗೆ ಹೋದೆ. ಕೈಯಲ್ಲಿ ಕಿತ್ತಳೆ ಹಣ್ಣು — ಥೂ. ಅವನ ತಾಯಿ ರುದ್ರಮ್ಮ ಕುರ್ಚಿ ಒರೆಸಿ ಹಾಕಿದಳು. "ಕಂಪ್ನೀಲಿ ನಮ್ಮೋರು ಅಂತ ನೀವೊಬ್ರು ಇದೀರಲ್ಲ ಸಾಮಿ, ಅದೇ ಧೈರ್ಯ."

ಲೋಕೇಶ ಬ್ಯಾಂಡೇಜ್ ಎತ್ತಿ ತೋರಿಸಿದ. "ನೋಡಣ್ಣ, ಮುಂದಿನ್ ನಾಟ್ಕದಾಗೆ ನಂಗೆ ಗದೆ ಬ್ಯಾಡ. ಸುಮ್ಕೆ ನಿಂತ್ಕಂಡು ಆಶೀರ್ವಾದ ಮಾಡೋ ಋಷಿ ಪಾರ್ಟ್ ಕೊಡ್ಸು." ಇಬ್ಬರೂ ನಕ್ಕೆವು. ಅವನೇ ಮೊದಲು ನಿಲ್ಲಿಸಿದ.

"ಸೋಮವಾರ ಎನ್‌ಕ್ವೈರಿ ಐತಂತೆ. ತಪ್ಪು ನಂದು ಅಂತಾದ್ರೆ ಕೆಲ್ಸ ಓಯ್ತದೆ. ಟೇಪ್ ಯಾರು ಹಾಕಿದ್ದು ಅಂತ ಮೇಡಂ ಆಸ್ಪತ್ರೆಗೂ ಬಂದು ಕೇಳಿದ್ರು. ನಾನು ಬಾಯ್ ಬಿಡ್ಲಿಲ್ಲ. ನೀನೇ ಯೋಳ್ತೀಯ ಅಂತ ಸುಮ್ಕಿವ್ನಿ."

ನಾನು ಹೇಳಿಯಾಗಿದೆ. ಅವನಿಗೆ ಗೊತ್ತಿಲ್ಲ.

ಮಾರ್ಚ್ ೨೯, ಭಾನುವಾರ

ಆಳದ ಗುಂಡಿಯಿಂದ ದೇವರನ್ನು ಕೂಗುವವನ ಕೀರ್ತನೆ ಇವತ್ತು. ಎದ್ದು ನಿಂತೆ. ಎರಡು ಸಾಲು. ಅಲ್ಲಿಗೆ ದನಿ ನಿಂತಿತು. ಉಸಿರು ಎಳೆದೆ, ಎದೆ ಉಬ್ಬಿಸಿದೆ — ಇಲ್ಲ. "ಗಂಟ್ಲು ಕಟ್ಕಂಡೈತೆ, ಮೆಣಸಿನ ಕಷಾಯ ಕುಡೀಲಿ" ಎಂದಳು ಹಿಂದಿನಿಂದ ಮುನಿಯಕ್ಕ.

ವನಜಾ ಎದ್ದು ಬಂದು ಉಳಿದದ್ದನ್ನು ಓದಿದಳು. ಸಪ್ಪೆ ದನಿ, ತಡವರಿಸಿ. ಮೊದಲ ಸಲ ನನಗೆ ಮಾತುಗಳು ಕೇಳಿಸಿದವು. ದೇವರು ತಪ್ಪನ್ನೆಲ್ಲ ಹಿಡಿಯುತ್ತ ಕೂತರೆ ಎದುರಿಗೆ ನಿಲ್ಲುವವರು ಯಾರೂ ಇಲ್ಲವಂತೆ. ಆದರೂ ಅವನ ಬಳಿ ಕ್ಷಮೆ ಇದೆಯಂತೆ. ಕಾಯಬೇಕಂತೆ, ರಾತ್ರಿ ಪಾಳಿಯ ಕಾವಲಿನವನು ಬೆಳಕಿಗೆ ಕಾದ ಹಾಗೆ. ನನ್ನ ಪಾಲಿನದೂ ಅಲ್ಲಿ ಇದೆಯೇ? ಕತ್ತಲೆಯೊಂದೇ ಕಾಣುತ್ತಿದೆ.

ಮನೆಗೆ ಬಂದು ವನಜಾಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಲೇ ಅಂದಳು:

"ಕೆಲ್ಸ ಹೋದ್ರೆ ಹೋಗ್ಲಿ. ನಾಳೆ ಎನ್‌ಕ್ವೈರೀಲಿ ಅಳ್ಬೇಡಿ, ಕಾಲಿಗೆ ಬೀಳ್ಬೇಡಿ. ಹೇಳಿ ಬನ್ನಿ, ಅಷ್ಟೇ."

ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಒಂದು ಸಲ ಗದ್ಗದವಾಗಿ, ಒಂದು ಸಲ ಗಂಭೀರವಾಗಿ. ಎರಡೂ ಚೆನ್ನಾಗಿತ್ತು. ಅದೇ ನನ್ನ ಶಾಪ. ದೇವರೇ, ಚೆನ್ನಾಗಿಲ್ಲದ ದನಿಯೊಂದನ್ನು ಕೊಡು.

ನಾಳೆ ಬೆಳಗ್ಗೆ ಮೊದಲು ಲೋಕೇಶನ ಮನೆಗೆ ಹೋಗುತ್ತೇನೆ. ಮೇಡಂ ಹತ್ತಿರ ಆಡಿದ ಸುಳ್ಳನ್ನು ಮೊದಲು ಅವನಿಗೇ ಹೇಳುತ್ತೇನೆ. ಉಗಿದರೆ ಉಗಿಯಲಿ. ಬರುವುದಾದರೆ ಇಬ್ಬರೂ ಒಂದೇ ಬಸ್ಸಿನಲ್ಲಿ ಪೀಣ್ಯಕ್ಕೆ; ಬಾರದಿದ್ದರೆ ಒಬ್ಬನೇ. ಎನ್‌ಕ್ವೈರಿ ರೂಮಿನೊಳಗೆ ಹೋಗಿ, ಯಾರೂ ಏನೂ ಕೇಳುವ ಮೊದಲೇ — ಬೇಡ, ಆ ಮಾತನ್ನು ಇಲ್ಲಿ ಬರೆದು ತಾಲೀಮು ಮಾಡುವುದಿಲ್ಲ.