ಅವನ ಬಾಯಿಂದಲೇ ಬಂದ ಉತ್ತರ

ಅಮ್ಮಾ,

ನೀನು ಹೋಗಿ ಎರಡು ವರ್ಷ. ಈ ಕಾಗದ ನಿನ್ನನ್ನು ಮುಟ್ಟುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ತಮ್ಮನನ್ನು ಕರೆದುಕೊಂಡು ಆಸ್ಪತ್ರೆಯ ಮಹಡಿಗೆ ಹೋಗಿದ್ದೆ. ತಲೆಗೆ ಪೆಟ್ಟಾದವರೂ ಅವರ ಮನೆಯವರೂ ತಿಂಗಳಿಗೊಮ್ಮೆ ಅಲ್ಲಿ ಸೇರುತ್ತಾರೆ. ಮಾತು ಕಲಿಸುವ ಮೇಡಂ ಅವನನ್ನು, "ಮನೆಯವರಿಗೆ ಏನಾದರೂ ಹೇಳೋದಿದೆಯಾ?" ಎಂದು ಕೇಳಿದರು. ಎಂದಿನಂತೆ ನಾನೇ ಬಾಯಿ ತೆರೆದೆ.

"ಅಕ್ಕಾ, ಕೇಳಿದ್ದು ನಿಮ್ಮನ್ನಲ್ಲ. ಮಾತು ಅವರೊಳಗೇ ಇದೆ, ಬಾಯಿಗೆ ಬರೋ ದಾರಿ ಉದ್ದ ಆಗಿದೆ ಅಷ್ಟೆ. ಕಾಯಿರಿ," ಎಂದರು ಮೇಡಂ.

ಕಾದೆವು. ಕಿಟಕಿಯ ಪರದೆ ಉಬ್ಬಿತು, ಇಳಿಯಿತು. ಕಥೆಯಲ್ಲಿ ಶಾಪ ತಗುಲಿ ಇಡೀ ಪಟ್ಟಣವೇ ನಿದ್ದೆಹೋಗುತ್ತದಲ್ಲ, ಹಾಗೆ ಕುರ್ಚಿಗಳೂ ಬಿಸಿಲೂ ನಾವೂ ತೂಕಡಿಸಿದಂತಿತ್ತು. ಆಗ, ಎಲ್ಲೋ ದೂರದಿಂದ ನಡೆದು ಬಂದವನಂತೆ, ಅವನು ಮಾತಾಡಿದ.

"ಅಕ್ಕ... ಬಾಯಿಬಡುಕಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಇನ್ನೂ ಮುಗಿಸಿರಲಿಲ್ಲ.

"ಅಮ್ಮ ಕೇಳಿದ್ದಳು. ಕೊನೇ ದಿನ."

ಅವನು ಬಿದ್ದ ದಿನ, ಅಟ್ಟದ ಪೆಟ್ಟಿಗೆ ಇಳಿಸಲು ಅವನನ್ನು ಏಣಿ ಹತ್ತಿಸಿದವಳು ನೀನು. ಕೊನೆಯ ದಿನ ಮಲಗಿದಲ್ಲಿಂದಲೇ, "ನನ್ನ ಮೇಲೆ ಸಿಟ್ಟಾ ಮಗನೇ?" ಅಂದೆ. ಅವನು ನಿನ್ನನ್ನೇ ನೋಡುತ್ತಿದ್ದ. "ಅವನಿಗೇನು ತಿಳಿಯುತ್ತಮ್ಮಾ, ನೀನು ಮಲಗು," ಎಂದು ನಾನು ನಿನ್ನ ಹೊದಿಕೆ ಸರಿಮಾಡಿದೆ.

ಇವತ್ತು ಅಂದ: "ಬಿದ್ದದ್ದು ನೆನಪಿಲ್ಲ. ಅಮ್ಮ ಕೇಳಿದ್ದು... ನೆನಪಿದೆ. ಸಿಟ್ಟಿಲ್ಲ."

ಮನೆಗೆ ಬಂದು, "ಊಟಕ್ಕೆ ಏನು ಮಾಡಲೋ?" ಎಂದು ಅವನನ್ನು ಕೇಳಿ, ಈ ಕಾಗದ ಬರೆಯಲು ಕೂತೆ. ಅವನಿನ್ನೂ ಯೋಚಿಸುತ್ತಿದ್ದಾನೆ. ನಾನಿನ್ನೂ ಒಲೆ ಹಚ್ಚಿಲ್ಲ, ಅಮ್ಮಾ.