ಕರುವಿಗೆ ತಾಯಿ ಸಿಕ್ಕಳೋ ಇಲ್ಲವೋ ಹೇಳಿ, ಸಾಹೇಬರೇ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಎಂಟು ವರ್ಷದ ಹುಡುಗಿಯನ್ನು ನೀವು ಮೈಕಿನಲ್ಲಿ ಕಳ್ಳಿ ಎಂದಿರಿ. ಅದೂ ಓದುವ ಸಪ್ತಾಹದ ಉದ್ಘಾಟನೆಯಲ್ಲಿ, ಅವಳ ತಾಯಿಯ ಎದುರಿಗೆ. ನೀವು ಅಂದೇ ಮರೆತಿರಬಹುದು. ಮರೆಯಲು ಬಿಡಬಾರದೆಂದೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಂಕಾಪುರದ ಹತ್ತಿರದ ಹಳ್ಳಿಯವಳು, ಸಂಜೆ ಓಣಿಯ ಮಕ್ಕಳಿಗೆ ಓದು ಹೇಳಿಕೊಡುತ್ತೇನೆ. ಎದುರುಮನೆಯ ಚಾಂದಬಿಯ ಮಗಳು ಗುಲ್ನಾರ ಅವರಲ್ಲಿ ಒಬ್ಬಳು. ಅಂದು ಶಾಲೆಯ ಅಂಗಳದಲ್ಲಿ ಹಗ್ಗ ಕಟ್ಟಿ ಪುಸ್ತಕಗಳನ್ನು ತೂಗುಬಿಟ್ಟಿದ್ದರು. ಹಾರ, ಶಾಲುಗಳ ಭಾರ ಹೊತ್ತ ನೀವು ನಿಮ್ಮ ಮೆಚ್ಚಿನ ಪುಸ್ತಕಗಳನ್ನು ಶಿಫಾರಸು ಮಾಡಿದಿರಿ. ಮಕ್ಕಳಿಗೆ, ತಾಯಿಯನ್ನು ಹುಡುಕುತ್ತ ಹೊರಟ ಎಮ್ಮೆಕರುವಿನ ಕಥೆ. ಎಷ್ಟು ಸಲ ಓದಿದರೂ ಕಣ್ಣು ತುಂಬುತ್ತದೆ ಎಂದಿರಿ. ದೊಡ್ಡವರಿಗೆ, ಮಕ್ಕಳ ಮನಸ್ಸು ನೋಯಿಸದೆ ಬೆಳೆಸುವುದು ಹೇಗೆ ಎಂಬ ದಪ್ಪ ಪುಸ್ತಕ. ನಾನೂ ಚಪ್ಪಾಳೆ ತಟ್ಟಿದೆ.

ನಿಮ್ಮ ಮಾತು ನಂಬಿದವಳು ಗುಲ್ನಾರ ಒಬ್ಬಳೇ. ನೀವು ಉಪ್ಪಿಟ್ಟು ತಿನ್ನುವಾಗ ಅವಳು ಆ ಕರುವಿನ ಪುಸ್ತಕ ಇಳಿಸಿಕೊಂಡು ಓದುತ್ತ ಕುಳಿತಳು. ಕರು ಹೊಳೆಯ ದಂಡೆಗೆ ಬಂದಿತ್ತು, ಅಷ್ಟರಲ್ಲಿ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬತೊಡಗಿದರು. ಮಧ್ಯಾಹ್ನ ಸವಣೂರಿನ ಕಡೆಯ ಶಾಲೆಯೊಂದರಲ್ಲಿ ಅವನ್ನೇ ತೂಗುಹಾಕಬೇಕಿತ್ತಂತೆ. ಹುಡುಗಿ ಪುಸ್ತಕ ಕೊಡದೆ ನೇರ ನಿಮ್ಮ ಹತ್ತಿರ ಬಂದು ಕೇಳಿದಳು: "ಸಾಹೇಬ್ರ, ಕರುವಿಗೆ ಅದರ ಅವ್ವ ಸಿಗ್ತಾಳೇನ್ರಿ?"

ಉತ್ತರ ಗೊತ್ತಿರಲು ಓದಿದ್ದರೆ ತಾನೆ? ನಿಮ್ಮ ಕಣ್ಣು ತುಂಬಿದ್ದು ಉಪ್ಪಿಟ್ಟಿನ ಮೆಣಸಿನಕಾಯಿಗೆ ಇರಬೇಕು. ಸುತ್ತ ನಿಂತವರು ನಕ್ಕರು. ಅವಮಾನ ನಿಮಗಾಯಿತು, ಶಿಕ್ಷೆ ಅವಳಿಗಾಯಿತು. ಮೈಕು ಎತ್ತಿಕೊಂಡು, "ಪುಸ್ತಕಾ ಕದಿಯೋ ಚಾಳಿ ಈಗ್ಲೇ ಬಂದೈತಿ ಈ ಕಳ್ಳಿಗೆ" ಎಂದಿರಿ. ಕದ್ದ ಮಾಲನ್ನು ಎದೆಗವಚಿಕೊಂಡು ಸಾಹೇಬರ ಮುಂದೆಯೇ ಬಂದು ನಿಲ್ಲುವ ಕಳ್ಳರನ್ನು ನೀವು ಎಲ್ಲಿ ಕಂಡಿದ್ದೀರಿ? ಚಾಂದಬಿ ಪುಸ್ತಕ ಕಿತ್ತು ನಿಮ್ಮ ಮೇಜಿನ ಮೇಲಿಟ್ಟಳು. ಮಗಳ ಕೆನ್ನೆಗೆ ಬಾರಿಸಿ ಎಳೆದುಕೊಂಡು ಹೋದಳು. ಅವಳು ಮಗಳ ಮೇಲೆ ಕೈ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೊನ್ನೆ ಚಿತ್ರದ ಪುಸ್ತಕವೊಂದನ್ನು ಗುಲ್ನಾರಳ ಮುಂದೆ ಹಿಡಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ್ರಿ ಬಾಯಾರ. ನೀವ ಹಿಡ್ಕೊಂಡು ಓದ್ರಿ, ನಾ ಮುಟ್ಟೂದಿಲ್ಲ."

ನಿಮ್ಮನ್ನು ಶಪಿಸಬೇಕೆನ್ನಿಸಿತು, ಶಪಿಸಿದೆ ಕೂಡ.

ನನ್ನ ಬೇಡಿಕೆ ಇಷ್ಟೇ. ಆ ಪುಸ್ತಕ ತೆಗೆದುಕೊಂಡು ಬನ್ನಿ. ಅದೇ ಅಂಗಳದಲ್ಲಿ, ಅದೇ ಮೈಕಿನಲ್ಲಿ, ಅವಳು ಕಳ್ಳಿಯಲ್ಲ ಎಂದು ಮೊದಲು ಹೇಳಿ. ಆಮೇಲೆ ನಿಂತುಕೊಂಡೇ ಇಡೀ ಕಥೆ ಓದಿ, ಊರವರು ಕುಳಿತು ಕೇಳುತ್ತೇವೆ. ಹೋಗುವಾಗ ಪುಸ್ತಕವನ್ನು ಅವಳಿಗೇ ಕೊಟ್ಟು ಹೋಗಿ. ಅವಳು ಕೈ ಚಾಚುತ್ತಾಳೆಂಬ ಭರವಸೆ ಮಾತ್ರ ನಾನು ಕೊಡಲಾರೆ.

ಇಂತಿ,
ಆ ಮಗುವಿಗೆ ಅಕ್ಷರ ಕಲಿಸಿ ಕಳ್ಳಿಯನ್ನಾಗಿ ಮಾಡಿದ
ಪದ್ಮಾಬಾಯಿ